ಹಿಮ್ಮಡಿಯ ಹುರಿ

ನನ್ನ ಭಾವ, ಅಂದರೆ ಅಕ್ಕನ ಗಂಡ, ಪೇಂಟರ್. ಕೈಗೆಟುಕದ ಚಾವಣಿ, ಉದ್ದುದ್ದ ಗೋಡೆ ಇದ್ದಲ್ಲಿಗೆಲ್ಲ ಕಂಟ್ರಾಕ್ಟರು ಅವರನ್ನೇ ಕರೆಯುತ್ತಿದ್ದ. ಏಣಿಯ ಮೇಲೆ ತುದಿಗಾಲಲ್ಲಿ ನಿಂತು ಬ್ರಶ್ ಎಳೆದರೆ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅಕ್ಕ ಕೆಳಗೆ ಗೋಡೆ ಉಜ್ಜಿ, ಬಣ್ಣ ಕಲಸಿ ಕೊಡುತ್ತಿದ್ದಳು.

ನಲವತ್ತಾರನೇ ವಯಸ್ಸಿಗೆ ಬಲಗಾಲಿನ ಹಿಮ್ಮಡಿಯ ಮೇಲ್ಭಾಗ ನೋಯತೊಡಗಿತು. ಬೆಳಿಗ್ಗೆ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ಇಡಬೇಕು. ಓಡಾಡಿದ ಮೇಲೆ ಕಡಿಮೆ. ಹೀಗೆ ಏಳು ತಿಂಗಳು. ಹದಿನೈದು ದಿನ ಏಣಿ ಹತ್ತಬೇಡಿ ಅಂತ ಅಕ್ಕ ಅಂದರೆ, "ಹಿಮ್ಮಡಿಗೆ ರಜ ಕೊಟ್ಟರೆ ಹೊಟ್ಟೆಗೂ ರಜ ಕೊಡಬೇಕಾಗುತ್ತೆ ಕಣೇ" ಎಂದು ನಗಿಸುತ್ತಿದ್ದರು. ಕೊನೆಗೆ ಬೀದಿ ತುದಿಯ ಕ್ಲಿನಿಕ್ಕಿನಲ್ಲಿ ನೋವಿನ ಜಾಗಕ್ಕೇ ಇಂಜೆಕ್ಷನ್ ಹಾಕಿಸಿಕೊಂಡರು. ನೋವು ಮಾಯ. ಮೂರು ವಾರಕ್ಕೆ ಇನ್ನೊಂದು.

ಅದಾದ ಹನ್ನೊಂದನೇ ದಿನ, ಏಣಿಯ ಮೇಲೆ ಕಾಲೊತ್ತಿ ಏಳುವಾಗ ಟಪ್ಪೆಂದಿತು. ಯಾರೋ ಹಿಂದಿನಿಂದ ಒದ್ದ ಹಾಗಾಯಿತಂತೆ. ತಿರುಗಿದರೆ ಯಾರೂ ಇಲ್ಲ. ಅಕ್ಕ ಆ ಮೂಲೆಯಲ್ಲಿ ಬಣ್ಣ ತಿರುವುತ್ತಿದ್ದಳು.

"ಏನೇ, ಏನಾದರೂ ಎಸೆದೆಯಾ?"

ಅದೇ ಕ್ಲಿನಿಕ್ಕಿನವರು ಉಳುಕು ಅಂದರು. ಪಾದ ಒಂದಿಷ್ಟು ಕೆಳಕ್ಕೆ ಬಗ್ಗುತ್ತಿತ್ತು, ಹಾಗಾಗಿ ಎಲ್ಲರೂ ನಂಬಿದೆವು. ಬ್ಯಾಂಡೇಜು ಸುತ್ತಿಕೊಂಡು ಒಂಬತ್ತು ವಾರ ಕುಂಟಿದರು. ಮೀನಖಂಡ ಸೊರಗಿ ಕೋಲಾಯಿತು.

ಆಗ ನಾನೇ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಮೂಳೆ ಡಾಕ್ಟರಮ್ಮ ಬೋರಲು ಮಲಗಿಸಿ ಎಡ ಮೀನಖಂಡ ಹಿಸುಕಿದರು; ಪಾದ ತಾನಾಗಿ ಅಲ್ಲಾಡಿತು. ಬಲದ್ದನ್ನು ಹಿಸುಕಿದರು, ಪಾದ ಮಿಸುಕಲಿಲ್ಲ. ಹಿಮ್ಮಡಿಯ ಮೇಲೆ ನನ್ನ ಬೆರಳಿಟ್ಟು ತೋರಿಸಿದರು. ಅಲ್ಲೊಂದು ಹಳ್ಳವಿತ್ತು.

"ನರ ಕಟ್ಟಾಗಿದೆಯಾ?" ಅಂದೆ.

"ಎಲ್ಲರೂ ನರ ಅಂತಾರೆ. ಇದು ಮೀನಖಂಡವನ್ನು ಮೂಳೆಗೆ ಕಟ್ಟಿರೋ ಹುರಿ. ಮೊದಲೇ ಸವೆದಿತ್ತು. ಇಂಜೆಕ್ಷನ್ ನೋವು ಮುಚ್ಚಿತು, ಹುರಿಯನ್ನ ಇನ್ನೂ ದುರ್ಬಲ ಮಾಡಿರಬಹುದು."

ಭಾವ ಬೋರಲಾಗಿಯೇ ಕೇಳಿದರು. "ಮೊದಲೇ ಬಂದಿದ್ದರೆ?"

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. "ನೋವು ಶುರುವಾದಾಗ ಆಗಿದ್ದರೆ ಏಣಿ ಬಿಡಿಸಿ, ಹಿಮ್ಮಡಿ ಕೆಳಗೆ ಮೆತ್ತೆ ಇಡಿಸಿ, ದಿನಾ ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸೋ ವ್ಯಾಯಾಮ ಮಾಡಿಸ್ತಿದ್ದೆ. ಹರಿದ ತಕ್ಷಣ ಬಂದಿದ್ದರೂ ಪ್ಲಾಸ್ಟರ್ ಹಾಕಿ ಕೂಡಿಸಬಹುದಿತ್ತು. ಈಗ ತುದಿಗಳು ದೂರ ಸರಿದಿವೆ."

ಆಪರೇಷನ್ ಮಾಡಿ ಕಾಲಿನ ಹೆಬ್ಬೆರಳಿನ ಹುರಿ ತೆಗೆದು ಅಲ್ಲಿಗೆ ಜೋಡಿಸಿದರು. ಗಾಯ ಮಾಯಿತು, ಕೋಲಿಲ್ಲದೆ ನಡೆಯುವಂತಾಯಿತು. ತುದಿಗಾಲಲ್ಲಿ ನಿಲ್ಲುವುದು ಮಾತ್ರ ಬರಲಿಲ್ಲ. ಅಡುಗೆಮನೆ ಕಟ್ಟೆ ಹಿಡಿದು ಬೆಳಿಗ್ಗೆ ಸಂಜೆ ಏಳಲು ನೋಡುತ್ತಿದ್ದರು. ಎಡ ಹಿಮ್ಮಡಿ ಏಳುತ್ತಿತ್ತು, ಬಲದ್ದು ನೆಲಕ್ಕೆ ಅಂಟಿಕೊಂಡೇ ಇರುತ್ತಿತ್ತು. ಒಂಬತ್ತನೇ ತಿಂಗಳಲ್ಲಿ ಅದನ್ನೂ ಬಿಟ್ಟರು.

ಕೆಲಸ ಕೈಬಿಡಬಾರದೆಂದು ಅಕ್ಕ ಏಣಿ ಹತ್ತಿದಳು. ಭಾವ ಕೆಳಗೆ ಹಿಡಿದು ನಿಲ್ಲುತ್ತಿದ್ದರು. ಒಂದು ದಿನ ಅವಳ ಗೆರೆ ಅಲುಗಿತು. ಕಂಟ್ರಾಕ್ಟರು, "ಯಜಮಾನರ ಕೈ ಇದ್ದಿದ್ದರೆ ಹೀಗಾಗ್ತಿರಲಿಲ್ಲ" ಅಂದ, ಹೊಗಳುವ ದನಿಯಲ್ಲೇ. ಭಾವ ಅಲ್ಲಿಂದ ನೇರ ಮನೆಗೆ ಬಂದರು. ಮತ್ತೆ ಹೋಗಲಿಲ್ಲ.

ಮೊನ್ನೆ ಹೋದಾಗ ಮಂಚದ ಮೇಲೆ ಕೂತಿದ್ದರು.

"ವ್ಯಾಯಾಮ ಮತ್ತೆ ಶುರು ಮಾಡಿ ಭಾವ. ಇನ್ನೂ ಬಲ ಬರಬಹುದು ಅಂದಿದ್ದಾರೆ ಡಾಕ್ಟರಮ್ಮ. ಕೊನೇಪಕ್ಷ ನಡಿಗೆಯಾದರೂ ಸುಧಾರಿಸುತ್ತೆ."

"ನಡೆದು ಎಲ್ಲಿಗೆ ಹೋಗಲಿ, ನೀನೇ ಹೇಳು."

ಅಷ್ಟರಲ್ಲಿ ಅಕ್ಕ ಕೆಲಸ ಮುಗಿಸಿ ಬಂದಳು, ಮುಂಗೂದಲಿಗೆ ಬಿಳಿ ಬಣ್ಣ ಹತ್ತಿತ್ತು. ಭಾವ ಅವಳನ್ನೊಮ್ಮೆ ನೋಡಿ, ಗೋಡೆ ಕಡೆ ತಿರುಗಿ ಮಲಗಿದರು.