ಲಿಫ್ಟಿನ ಹುಡುಗಿಯ ಹಾಡು ಬರೆದ ಡೋರಾ

ಡೋರಾ ಪಿಲ್ನಿಕ್ ಹಾಡು ಬರೆಯಲು ಶುರುಮಾಡಿದ್ದೇ ಬೇರೆಯವರ ಹಾಡನ್ನು ಕೆಡಿಸಿ. ಹಾಗೆಂದು ದೂರಿದವನು ಹಾಡಿನ ಹಾಳೆಗಳನ್ನು ಅಚ್ಚುಹಾಕಿಸುತ್ತಿದ್ದ ಕಂಪನಿಯವನು. ಆಗ ಪಿಯಾನೋ ಮುಂದೆ ಕೂತಿದ್ದವನು ನಾನು. ಕೆಡಿಸಿದಳು ಎಂದು ನಾನಂತೂ ಹೇಳಲಾರೆ.

ನ್ಯೂಯಾರ್ಕಿನ ಹದಿನಾಲ್ಕನೇ ಬೀದಿಯ ದೊಡ್ಡ ಅಂಗಡಿಯೊಂದರಲ್ಲಿ, ಗುಂಡಿ ರಿಬ್ಬನ್ನುಗಳ ಪಕ್ಕಕ್ಕೆ, ಹಾಡಿನ ಹಾಳೆ ಮಾರುವ ನಮ್ಮ ಕಟ್ಟೆ ಇತ್ತು. ಗಿರಾಕಿಗಳು ಒಂದು ಹಾಳೆ ಎತ್ತಿ ತೋರಿಸಿದರೆ ನಾನು ನುಡಿಸಬೇಕು, ಡೋರಾ ಹಾಡಬೇಕು. ಹಿಡಿಸಿದರೆ ಕೊಂಡುಹೋಗಿ ಮನೆಯಲ್ಲಿ ಹಾಡಿಕೊಳ್ಳುತ್ತಿದ್ದರು. ಡೋರಾಳ ಗಂಟಲು ಅಂಥದ್ದೇನಲ್ಲ. ಆದರೆ ಒಂದೊಂದು ಪದವೂ ಗೋಡೆಗೆ ಹೊಡೆದ ಮೊಳೆಯ ಹಾಗೆ ನಾಟುತ್ತಿತ್ತು. ಎಲ್ಲಾದರೂ ಸಾಲು ಸೊಟ್ಟಗಿದ್ದರೆ ಹಾಡುತ್ತಲೇ ತಿದ್ದಿಬಿಡುವಳು.

ಒಂದು ದಿನ ದಪ್ಪನೆಯ ಹೆಂಗಸೊಬ್ಬಳು ಹಾಳೆ ಹಿಡಿದು ವಾಪಸ್ಸು ಬಂದಳು. "ನೀನು ಹಾಡಿದ್ದು ಇದರಲ್ಲಿ ಇಲ್ವಲ್ಲಮ್ಮ! ಮನೇಲಿ ಎಲ್ರೂ ನನ್ನನ್ನ ನೋಡಿ ನಕ್ರು." ಅಂಥವರು ನಾಲ್ಕಾರು ಜನರಾದಾಗ ಸುದ್ದಿ ಕಂಪನಿಗೂ ಹೋಯಿತು. ಅಲ್ಲಿಂದ ಬಂದವನು ಟೋಪಿಯನ್ನೂ ತೆಗೆಯದೆ ಕೇಳಿದ: "ನಮ್ಮ ಪದ ಬದಲಾಯಿಸೋಕೆ ನೀನ್ಯಾರು?"

"ದಿನವಿಡೀ ಅದನ್ನ ಹಾಡೋಳು. ನೀವು ಒಂದೇ ಒಂದು ಸಲ ಹಾಡಿ ನೋಡಿ, ನಾಲಿಗೆ ಎಲ್ಲಿ ಎಡವುತ್ತೆ ಅಂತ ಗೊತ್ತಾಗುತ್ತೆ."

ಅವನು ಹಾಡಲಿಲ್ಲ. ಆದರೆ ಮುಂದಿನ ವಾರ ಹಾಡು ಬರೆಯಲು ಅವಳನ್ನು ಕಂಪನಿಗೆ ಕರೆಸಿಕೊಂಡ. ರಾಗ ಹಾಕುವವನು ಜೊತೆಗಿಲ್ಲದೆ ಬರುವುದಿಲ್ಲ ಎಂದು ಹಟ ಹಿಡಿದು ನನ್ನನ್ನೂ ಎಳೆದುಕೊಂಡು ಹೋದಳು.

ಅವಳ ತಾಯಿ, ಲಡ್ಲೋ ಬೀದಿಯ ನಾಲ್ಕನೇ ಮಹಡಿಯಲ್ಲಿ ಕೋಟುಗಳಿಗೆ ಕಾಜಾ ಹೊಲಿಯುತ್ತಿದ್ದ ವಿಧವೆ, ಸುದ್ದಿ ಕೇಳಿ ಸೂಜಿ ಕೆಳಗಿಟ್ಟಳು. "ಮದುವೆ ಆಗದೋಳು ಪ್ರೀತಿ ಹಾಡು ಬರೀತಾಳಂತೆ. ಈಜು ಬರದೋನು ದೋಣಿ ಮಾರಿದ ಹಾಗಾಯ್ತು."

"ದೋಣಿ ಬೇಕಾಗೋದೇ ಈಜು ಬರದೋರಿಗಮ್ಮ," ಎಂದಳು ಡೋರಾ.

ಸಾವಿರದ ಒಂಬೈನೂರ ಇಪ್ಪತ್ತೊಂಬತ್ತರ ಹೊತ್ತಿಗೆ ಸಿನಿಮಾಕ್ಕೆ ಬಾಯಿ ಬಂದಿತ್ತು. ಬಾಯಿ ಬಂದ ಮಗು ಸುಮ್ಮನಿರುತ್ತದೆಯೇ? ಕೋರ್ಟಿನ ಕಥೆಯಾದರೂ ಕುದುರೆಯ ಕಥೆಯಾದರೂ ಹಾಡು ಬೇಕು. ನ್ಯೂಯಾರ್ಕಿನ ಪದಗಾರರನ್ನೂ ರಾಗಗಾರರನ್ನೂ ರೈಲು ತುಂಬಿಸಿ ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡರು. ನಾವೂ ಹೋದೆವು. ಸ್ಟುಡಿಯೋದ ಹಿಂಭಾಗದಲ್ಲಿ ನಮಗೊಂದು ಮರದ ಗುಡಿಸಲು, ಅದರಲ್ಲೊಂದು ಪಿಯಾನೋ. ಕಿಟಕಿಯ ಹೊರಗೆ ಕಿತ್ತಳೆ ಮರ. ಊರೆಲ್ಲ ಹುಡುಕಿದರೂ ಒಂದು ಒಳ್ಳೆಯ ಉಪ್ಪಿನ ಸೌತೆಕಾಯಿ ಸಿಗಲಿಲ್ಲವೆಂದು ಡೋರಾ ಮೊದಲ ವಾರವೇ ಊರಿನ ಮೇಲೆ ತೀರ್ಪು ಕೊಟ್ಟಳು.

ನಮ್ಮ ನಿರ್ಮಾಪಕ ಕಾರ್ಮಡಿ ಎಂಬ ಐರಿಷ್ ಮನುಷ್ಯ. ಕೆಟ್ಟವನಲ್ಲ, ಅವಸರದವನು. ಅವನಿಗೊಂದು ತಲೆನೋವಿತ್ತು. ಮೂಕಿ ಚಿತ್ರಗಳ ರಾಣಿಯಾಗಿದ್ದ ವಿವಿಯನ್ ಟ್ಯಾರಂಟ್ ಬಾಯಿಬಿಟ್ಟರೆ ಆ ಕಾಲದ ಮೈಕಿಗೆ ಆಗುತ್ತಿರಲಿಲ್ಲ. ಅವಳು 'ಸ' ಎಂದರೆ ಥಿಯೇಟರಿನಲ್ಲಿ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತಿತ್ತು. ಇನ್ನೊಂದು ಧ್ವನಿ ಪರೀಕ್ಷೆಯಲ್ಲಿ ಬಿದ್ದರೆ ಅವಳು ಮನೆಗೆ ಎಂದು ಎಲ್ಲರಿಗೂ ತಿಳಿದಿತ್ತು.

ಡೋರಾ ಮೈಕಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅರ್ಧ ದಿನ ಕೂತಳು. ಹೊರಗೆ ಬಂದವಳೇ ನನಗೆ ಹೇಳಿದಳು: "ನೇಟ್, ಇವಳಿಗೆ 'ಸ' ಇಲ್ಲದ ಹಾಡು ಬರೀತೀನಿ."

"ಪ್ರೀತಿ ಹಾಡು ಕಣೇ! ಮನಸು ಇಲ್ಲ, ಕನಸು ಇಲ್ಲ, ಸಂಜೆ ಇಲ್ಲ. ಇನ್ನೇನು ಉಳೀತು?"

"ನಾನು, ನೀನು, ಬಾಗಿಲು. ಸಾಲದಾ?"

ಸಾಕಾಯಿತು. ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುವವನನ್ನು ಕುರಿತ ಹಾಡು ಅದು. ವಿವಿಯನ್ ಒಮ್ಮೆಯೂ ಬುಸುಗುಟ್ಟದೆ ಹಾಡಿ ಮುಗಿಸಿ, ಡೋರಾಳನ್ನು ತಬ್ಬಿಕೊಂಡು ಅತ್ತಳು. ಚಿತ್ರ ಗೆದ್ದಿತು. ಪರದೆಯ ಮೇಲೆ ಮಾತ್ರ ನಮ್ಮ ಹೆಸರಿರಲಿಲ್ಲ. "ಸಂಗೀತ ವಿಭಾಗ" ಎಂದಿತ್ತು, ಅಷ್ಟೇ. "ಮೈಕಿನ ಕೋಣೇಲಿ ಅರ್ಧ ದಿನ ಕೂತಿದ್ದು ವಿಭಾಗ ಅಲ್ಲ, ನಾನು," ಎಂದು ಡೋರಾ ಗೊಣಗಿದಳು. ನಾನು ನಕ್ಕೆ. ಅವಳು ನಗಲಿಲ್ಲ.

ಎರಡನೇ ಚಿತ್ರಕ್ಕೆ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟು ನಡೆಸುವ ಹುಡುಗಿಯ ಕಥೆ. ಅವಳ ಹಾಡನ್ನು ಡೋರಾ ಒಂದೇ ಬೆಳಗ್ಗೆ ಬರೆದಳು:

ಮೇಲೆ ಹೋಗೋರೆಲ್ಲ ನನ್ನ ಹೆಂಗಿದ್ದಿ ಅಂತಾರೆ,
ಕೆಳಗೆ ಬರೋವಾಗ ನನ್ನ ಮರೆತೇ ಹೋಗ್ತಾರೆ.

ನನ್ನ ಬೆರಳಿಗೆ ಅದಕ್ಕಿಂತ ಒಳ್ಳೆಯ ರಾಗ ಮತ್ತೆ ಹತ್ತಲಿಲ್ಲ. ಆದರೆ ಚಿತ್ರ ಮುಗಿಯುವಷ್ಟರಲ್ಲಿ ಜನಕ್ಕೆ ಹಾಡು ಸಾಕುಸಾಕಾಗಿತ್ತು. ವರ್ಷವಿಡೀ ಬರೀ ಹೋಳಿಗೆ ಬಡಿಸಿದರೆ ಯಾರು ತಿಂದಾರು? "ಈ ಚಿತ್ರದಲ್ಲಿ ಹಾಡಿಲ್ಲ" ಎಂದು ಥಿಯೇಟರಿನವರು ಹೆಮ್ಮೆಯಿಂದ ಹಲಗೆ ಹಾಕತೊಡಗಿದರು. ಕಾರ್ಮಡಿ ಕತ್ತರಿ ತರಿಸಿದ. ನಮ್ಮ ಹಾಡುಗಳನ್ನೆಲ್ಲ ಕಿತ್ತು, ಉಳಿದದ್ದನ್ನು ಹಾಸ್ಯಚಿತ್ರವೆಂದು ಬಿಡುಗಡೆ ಮಾಡಿದ. ಪರದೆಯ ಮೇಲೆ ವಿವಿಯನ್ ಹಾಡಲೆಂದು ಉಸಿರು ಎಳೆದುಕೊಳ್ಳುತ್ತಾಳೆ, ಅಷ್ಟರಲ್ಲಿ ದೃಶ್ಯ ಬದಲಾಗುತ್ತದೆ. ಡೋರಾ ಥಿಯೇಟರಿನ ಕತ್ತಲಲ್ಲಿ ಮೆಲ್ಲಗೆ, ಪಕ್ಕದಲ್ಲಿದ್ದ ನನಗಷ್ಟೇ ಕೇಳುವ ಹಾಗೆ, ಆ ಜಾಗಗಳಲ್ಲೆಲ್ಲ ಹಾಡಿಕೊಂಡಳು.

ಆಮೇಲೆ ನಮ್ಮೆಲ್ಲರ ಕೈಗೂ ನ್ಯೂಯಾರ್ಕಿನ ಟಿಕೆಟ್ಟು ಬಂತು. ಸ್ಟೇಷನ್ನಿನಲ್ಲಿ ನನ್ನ ಪೆಟ್ಟಿಗೆ ಮಾತ್ರ ಇತ್ತು.

"ನಿನ್ನ ಸಾಮಾನೆಲ್ಲಿ?" ಎಂದೆ.

"ರೂಮಲ್ಲಿದೆ. ನಾನು ಬರಲ್ಲ ಕಣೋ."

"ತಲೆ ಕೆಟ್ಟಿದೆಯಾ? ಇಲ್ಲಿ ಯಾರಿಗೆ ಬರೀತೀಯಾ? ಕಿತ್ತಳೆ ಮರಕ್ಕಾ?"

"ಜನ ಕೆಟ್ಟ ಹಾಡಿಗೆ ಬೇಜಾರಾಗಿದಾರೆ ನೇಟ್, ಹಾಡಿಗಲ್ಲ. ಅವರಿಗೆ ಮತ್ತೆ ಹಸಿವಾದಾಗ ಅಡುಗೆಮನೆ ಹತ್ತಿರಾನೇ ಇರ್ತೀನಿ. ನೀನು ಹೋಗು, ಅಮ್ಮನ್ನ ನೋಡ್ಕೋ."

ನಾನು ಹೋದೆ. ಮೂರು ವರ್ಷ ಬ್ರಾಂಕ್ಸಿನಲ್ಲಿ ಮಕ್ಕಳಿಗೆ ಪಿಯಾನೋ ಹೇಳಿಕೊಟ್ಟೆ. ಶುಕ್ರವಾರಗಳಂದು ಅವಳ ತಾಯಿಯ ಮನೆಯಲ್ಲಿ ಊಟ.

ಆ ವರ್ಷಗಳಲ್ಲಿ ಅವಳು ಮಾಡಿದ್ದನ್ನು ಆಮೇಲೆ ಅವಳ ಬಾಯಿಂದಲೇ ಕೇಳಿದೆ. ಯಾವ ಕಚೇರಿಯಲ್ಲೂ ಪದಗಾರ್ತಿ ಬೇಕಿರಲಿಲ್ಲ. ಊರಿನ ನಡುವೆ ಹನ್ನೆರಡು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟು ನಡೆಸುವವರು ಬೇಕಾಗಿದ್ದರು. ಸೇರಿಕೊಂಡಳು. ಕಲ್ಪನೆಯಲ್ಲಿ ಬರೆದ ಕೆಲಸ ಕೈಗೇ ಬಂದಿತ್ತು. "ಹಾಡಲ್ಲಿ ಒಂದು ಸುಳ್ಳಿತ್ತು," ಎಂದಳು ನನಗೆ. "ಮೇಲೆ ಹೋಗೋವಾಗಲೂ ಯಾರೂ ಹೆಂಗಿದ್ದಿ ಅನ್ನಲ್ಲ. ಬೆನ್ನಿಗೆ ಮಹಡಿ ನಂಬರ್ ಹೇಳ್ತಾರೆ." ಕೆಲಸಕ್ಕೆ ಮುಂಚೆ, ಬೆಳಗಿನ ಹೊತ್ತು, ಕುರ್ಚಿ ಮೇಜಿನ ಅಂಗಡಿಯೊಂದರ ಮೇಲಿದ್ದ ಪುಟ್ಟ ರೇಡಿಯೋ ಕೇಂದ್ರಕ್ಕೆ ಹೋಗಿ ಹಾಡುತ್ತಿದ್ದಳು. ಅವರು ಕೊಡುತ್ತಿದ್ದುದು ಕಾಫಿ ಮತ್ತು ಬನ್ನು. ಅವಳಿಗೆ ಬೇಕಿದ್ದುದು ಮೈಕು. ಕತ್ತರಿ ಬಿದ್ದ ಹಾಡುಗಳನ್ನು ಒಂದೊಂದಾಗಿ ಅಲ್ಲಿ ಹಾಡಿದಳು. ಲಿಫ್ಟಿನ ಹಾಡನ್ನು ಜನ ಕೇಳಿ ಕೇಳಿ ಹಾಡಿಸಿದರು. ಹೋಟೆಲಿನ ಬ್ಯಾಂಡಿನವರು ಕಲಿತರು, ಟ್ಯಾಕ್ಸಿಯವರು ಶಿಳ್ಳೆ ಹಾಕಿದರು. ಅದನ್ನು ಬರೆದವಳೇ ತಮ್ಮನ್ನು ಮೇಲಕ್ಕೆ ಒಯ್ಯುತ್ತಿದ್ದಾಳೆಂದು ಆ ಕಟ್ಟಡದಲ್ಲಿ ಯಾರಿಗೂ ತಿಳಿಯಲಿಲ್ಲ.

ಮೂವತ್ತಮೂರರಲ್ಲಿ ಜನಕ್ಕೆ ಮತ್ತೆ ಹಸಿವಾಯಿತು. ಸ್ಟುಡಿಯೋಗಳು ಮತ್ತೆ ಹಾಡಿನ ಚಿತ್ರಕ್ಕೆ ಕೈಹಾಕಿದವು. ಲಿಫ್ಟಿನ ಹಾಡಿನ ಹಕ್ಕು ತಮ್ಮದೇ ಎಂಬುದು ಕಾರ್ಮಡಿಗೆ ನೆನಪಾಯಿತು. ಹೊಸ ಚಿತ್ರಕ್ಕಾಗಿ ಅದಕ್ಕೆ ಇನ್ನೊಂದು ಚರಣ ಬೇಕಿತ್ತು. ಬ್ರಾಡ್‌ವೇಯಿಂದ ಕರೆಸಿದ್ದ ಇಬ್ಬರು ಹೆಸರುವಾಸಿಗಳು ಬರೆದು ಹರಿದು ಸೋತ ಮೇಲೆ ಡೋರಾಗೆ ಬುಲಾವು ಬಂತು. ಅವಳು ನನಗೆ ತಂತಿ ಕಳಿಸಿದಳು: "ಹಸಿದಿದ್ದಾರೆ. ಬಾ." ಬಂದೆ.

ಕಾರ್ಮಡಿಯ ಕೋಣೆಯಲ್ಲಿ ನಾವಿಬ್ಬರೂ ಕೂತೆವು. ಬಾಗಿಲ ಹತ್ತಿರದ ಮೇಜಿನಲ್ಲಿ ಅವನ ಕಾರ್ಯದರ್ಶಿ ಮಿಸ್ ಒಲ್ಸೆನ್ ಟೈಪು ಮಾಡುತ್ತಿದ್ದಳು.

"ಚರಣ ಬರೆದುಕೊಡಮ್ಮ," ಎಂದ ಕಾರ್ಮಡಿ. "ಪರದೆ ಮೇಲೆ ಆ ಇಬ್ಬರ ಹೆಸರು ಹೋಗುತ್ತೆ. ಒಪ್ಪಂದ ಆಗಿಹೋಗಿದೆ. ನಿನಗೆ ಸಂಬಳ ಕೊಡ್ತೀವಲ್ಲ."

"ಹಾಗಾದ್ರೆ ಚರಣಾನೂ ಅವರೇ ಬರೀಲಿ."

"ಹಟ ಮಾಡಬೇಡ. ಹಾಡು ನಮ್ಮದು."

"ಹಳೇ ಎರಡು ಚರಣ ನಿಮ್ಮದು. ಮೂರನೇದು ಇನ್ನೂ ನನ್ನ ತಲೇಲಿದೆ. ಕೇಳ್ತೀರಾ?" ಉತ್ತರಕ್ಕೆ ಕಾಯದೆ ನನ್ನತ್ತ ಕಣ್ಣು ಮಾಡಿದಳು. ಮೂಲೆಯಲ್ಲಿದ್ದ ಪಿಯಾನೋಗೆ ಹೋಗಿ ಶ್ರುತಿ ಕೊಟ್ಟೆ.

ಹತ್ತನೇ ಮಹಡಿ ದೊರೆ ಇವತ್ತು ಕೆಳಗೆ ಹೊರಟರು,
ಕೀಲಿ ಅಲ್ಲೇ ಬಿಟ್ಟು ಒಂದು ಪೆಟ್ಟಿಗೆ ಹೊತ್ತರು,
ಏಳರಲ್ಲಿ ಕೆಮ್ಮಿದರು, ಐದರಲ್ಲಿ ಕಣ್ಣೆತ್ತಿದರು...

ಅಲ್ಲಿಗೆ ನಿಲ್ಲಿಸಿದಳು. ಟೈಪಿನ ಸದ್ದು ನಿಂತಿತ್ತು. ಆ ವರ್ಷ ಯಾರ ಮನೆಯಲ್ಲಿ ಒಬ್ಬರಾದರೂ ಕೆಲಸ ಕಳೆದುಕೊಂಡು ಪೆಟ್ಟಿಗೆ ಹೊತ್ತು ಕೆಳಗಿಳಿದಿರಲಿಲ್ಲ ಹೇಳಿ?

"ಆಮೇಲೆ?" ಎಂದಳು ಮಿಸ್ ಒಲ್ಸೆನ್, ತಡೆಯಲಾರದೆ.

"ಆಮೇಲೇನಾಯ್ತು?" ಎಂದ ಕಾರ್ಮಡಿಯೂ.

"ನನ್ನ ಹೆಸರು ಹಾಕಿದ ಮೇಲೆ ಹೇಳ್ತೀನಿ."

ಕಾರ್ಮಡಿ ಕೆಂಪಾದ. ಬಾಗಿಲು ತೋರಿಸಿದ. ಡೋರಾ ಎದ್ದು ಹೊರಗೆ ಹೋಗಿ, ಕಾರಿಡಾರಿನ ಬೆಂಚಿನ ಮೇಲೆ ಕೂತುಕೊಂಡಳು. ಮರುದಿನವೂ ಬಂದು ಅಲ್ಲೇ ಕೂತಳು. ಹೋಗಿಬರುವವರಿಗೆಲ್ಲ ನಮಸ್ಕಾರ ಹೇಳುತ್ತಾ, ರೊಟ್ಟಿ ತಿನ್ನುತ್ತಾ. "ಬಿಟ್ಟುಬಿಡೇ," ಎಂದೆ ನಾನು, "ಕೆಲಸ ಆದ್ರೂ ಸಿಗುತ್ತೆ." "ನೀನು ಬೇಕಾದ್ರೆ ಹೋಗಿ ಕಾಫಿ ಕುಡಿ," ಎಂದಳು. ಒಳಗೆ ವಾದ್ಯದವರು ಸಂಬಳ ಎಣಿಸುತ್ತಾ ಖಾಲಿ ಕೂತಿದ್ದರು. ಮಿಸ್ ಒಲ್ಸೆನ್ ಹಾದುಹೋದಾಗಲೆಲ್ಲ "ಸ್ವಲ್ಪಾನಾದ್ರೂ ಹೇಳ್ರೀ" ಎಂದು ಗೋಗರೆಯುತ್ತಿದ್ದಳು.

ಆ ವಾರದ ಕೊನೆಗೆ ಕಾರ್ಮಡಿಯೇ ಹೊರಗೆ ಬಂದ. "ಆಯ್ತು. ಆ ಇಬ್ಬರ ಕೆಳಗೆ, ಡಿ. ಪಿಲ್ನಿಕ್."

"ಡಿ ಅಂದ್ರೆ ಡೇವಿಡ್ ಅಂದ್ಕೋತಾರೆ. ಡೋರಾ."

"ಹೆಂಗಸು ಬರೆದದ್ದು ಅಂದ್ರೆ ಜನ..."

"ಹಾಡ್ತಿರೋಳು ಹೆಂಗಸೇ ಅಲ್ವಾ ಮಿಸ್ಟರ್ ಕಾರ್ಮಡಿ?"

ಅವನು ಕೈ ಚೆಲ್ಲಿದ. ಅಲ್ಲೇ, ಬೆಂಚಿನ ಪಕ್ಕ ನಿಂತು, ಅವಳು ಕೊನೆಯ ಸಾಲು ಹೇಳಿದಳು. ದೊರೆ ನೆಲಮಹಡಿಯಲ್ಲಿ ಇಳಿಯುವ ಮುನ್ನ ತಿರುಗಿ, "ಇಷ್ಟು ವರ್ಷ ಆಯ್ತು, ನಿನ್ನ ಹೆಸರೇನಮ್ಮ?" ಎಂದು ಕೇಳುತ್ತಾನೆ. ಅದು ಅವಳ ಲಿಫ್ಟಿನಲ್ಲೇ ನಡೆದದ್ದು. ಹೆಸರು ಹೇಳಿದ್ದಕ್ಕೆ ಆತ ಟೋಪಿ ತೆಗೆದನಂತೆ. ಕಾರ್ಮಡಿ ಮೂಗು ಒರೆಸಿಕೊಂಡು ಒಳಗೆ ಹೋದ.

ಹೆಸರು ಬಂತು. ಮೂರನೆಯದಾಗಿ, ಸಣ್ಣ ಅಕ್ಷರದಲ್ಲಿ, ಒಮ್ಮೆ ಅಕ್ಷೀ ಎನ್ನುವಷ್ಟು ಹೊತ್ತು. ನನ್ನ ಹೆಸರು ರಾಸ್ಕಿನ್ ಎನ್ನುವ ಬದಲು ರಾಬಿನ್ ಎಂದಾಗಿತ್ತು. ಹೋಗಲಿ ಬಿಡು ಎಂದೆ. ಅವಳು ಬಿಡಲಿಲ್ಲ, ಮತ್ತೆ ಹೋಗಿ ಜಗಳವಾಡಿದಳು. ಆ ಜಗಳದಲ್ಲಿ ಸೋತಳು.

ಆಮೇಲೆ ಹದಿನಾಲ್ಕು ವರ್ಷ ನಾವು ಅದೇ ಊರಿನಲ್ಲಿ ಬರೆದೆವು. ಗೆದ್ದದ್ದು ಕೆಲವು, ಕತ್ತರಿಗೆ ಹೋದದ್ದು ಹಲವು. ಆದರೆ ಹೆಸರಿಲ್ಲದೆ ಅವಳು ಒಂದು ಸಾಲನ್ನೂ ಕೈದಾಟಿಸಲಿಲ್ಲ. ತಾಯಿಯನ್ನು ಕರೆಸಿಕೊಂಡಳು. ಆಕೆ ಹಿತ್ತಲಲ್ಲಿ ಪೀಪಾಯಿ ಇಟ್ಟು ಸೌತೆಕಾಯಿ ಉಪ್ಪಿಗೆ ಹಾಕಿ, ಸ್ಟುಡಿಯೋದವರಿಗೆಲ್ಲ ಹಂಚಿ, ಮಗಳಿಗಿಂತ ಹೆಚ್ಚು ಹೆಸರು ಮಾಡಿದಳು. ವಿವಿಯನ್ ಸಿನಿಮಾ ಬಿಟ್ಟು ಒಬ್ಬ ದಂತವೈದ್ಯನನ್ನು ಮದುವೆಯಾದಳು. ಡೋರಾ ಮದುವೆಯಾಗಲಿಲ್ಲ. ನಾನೊಮ್ಮೆ ಕೇಳಿದ್ದೆ. "ದಿನಾ ಜಗಳ ಆಡ್ತಾನೇ ಇದೀವಲ್ಲೋ, ಇನ್ನೂ ಏನು ಬೇಕು?" ಎಂದಳು. ಅದೂ ನಿಜವೇ.

ಈಗಲೂ ಮಂಗಳವಾರ ಮಂಗಳವಾರ ನಮ್ಮ ಮನೆಗೆ ಬರುತ್ತಾಳೆ. ಬರೆಸುವವರು ಯಾರೂ ಇಲ್ಲ. ನನ್ನ ಬೆರಳು ಬಾಗುವುದಿಲ್ಲ, ಅವಳಿಗೆ ಕನ್ನಡಕವಿದ್ದರೂ ಕಾಣುವುದಿಲ್ಲ. ನಿನ್ನೆ ಬಂದವಳು ಕೋಟು ತೆಗೆಯುವ ಮೊದಲೇ, "ಲಿಫ್ಟಿನ ಹಾಡಿನ ಎರಡನೇ ಸಾಲಲ್ಲಿ ನಿನ್ನ ರಾಗ ಒಂದು ಹೆಜ್ಜೆ ಮುಂಚೆ ಇಳಿಯುತ್ತೆ, ಪಿಯಾನೋ ಮುಂದೆ ಕೂತ್ಕೋ," ಎಂದಳು. ಕೂತೆ.