ದುಂಡು ಸೀಲಿನ ಹಾಳೆ

ಸಂಡೂರು ರಸ್ತೆಯ ನಮ್ಮ ಸಣ್ಣ ಕಬ್ಬಿಣದ ಕಾರ್ಖಾನೆ ಮುಚ್ಚಿ ನಾಲ್ಕು ತಿಂಗಳಾಗಿತ್ತು. ನಾನು ಅಲ್ಲಿ ಹಾಜರಿ ಬರೆಯುತ್ತಿದ್ದವಳು. ಬಿ.ಕಾಂ. ಓದಿದ್ದೇನೆಂದು ಸರ್ಕಾರಕ್ಕೆ ಕೊಡುವ ಅರ್ಜಿಯನ್ನು ಕೆಲಸಗಾರರು ನನ್ನಿಂದಲೇ ಬರೆಸಿದ್ದರು: ನಮಗೆಲ್ಲ ಬೇರೆ ಕಾರ್ಖಾನೆಗಳಲ್ಲಿ ಕೆಲಸ ಕೊಡಿಸಿ ಎಂದು. ಅದನ್ನು ತೆಗೆದುಕೊಳ್ಳಲು ಅಧಿಕಾರಿ ಗೇಟಿಗೆ ಬಂದ ಬೆಳಿಗ್ಗೆ, ಕುಲುಮೆಯಲ್ಲಿ ಕೆಲಸಕ್ಕಿದ್ದ, ನಾನು ಅಣ್ಣ ಎಂದೇ ಕರೆಯುತ್ತಿದ್ದವನೊಬ್ಬ ಚಿಮಣಿಯ ಅರ್ಧಕ್ಕೆ ಹತ್ತಿ ನಿಂತಿದ್ದ.

"ಆರ್ಡರ್ ಕೊಡೋತನಕ ಇಳಿಯಂಗಿಲ್ರಿ!"

"ಬುತ್ತಿ ಕಟ್ಕೊಂಡು ಹತ್ತೀಯೇನಲೇ?" ಕೆಳಗಿನಿಂದ ಯಾರೋ ಕೂಗಿದ. "ಆರ್ಡರ್ ಬರೋದ್ರಾಗ ಎರಡು ದೀಪಾವಳಿ ಆಗ್ತಾವ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಅವನ ಕಾಲು ಜಾರಿತು. ಒಂದು ಚಪ್ಪಲಿ ತಿರುಗುತ್ತ ಬಂದು ನನ್ನ ಮುಂದೆ ಬಿತ್ತು. ಅವನು ಚಿಮಣಿಯ ಏಣಿಯ ಸರಳು ಹಿಡಿದು ಜೋತಾಡುತ್ತಿದ್ದ. ಈಗಲೂ ನಾನು ಕಣ್ಣು ಮುಚ್ಚಿದರೆ ಅವನ ಕೈ ಸರಳಿನಿಂದ ಜಾರುತ್ತದೆ.

ಹೇಗೋ ಕಾಲು ಊರಿಕೊಂಡ. ಬೆವರುತ್ತಿದ್ದ ಅಧಿಕಾರಿ ಅರ್ಜಿಯ ಪ್ರತಿಗೆ ಕಚೇರಿಯ ದುಂಡು ಸೀಲು ಒತ್ತಿ ನನ್ನ ಕೈಗಿಟ್ಟರು. "ಅರ್ಜಿ ಮುಟ್ಟೇತಿ ಅಂತ ಹೇಳಮ್ಮ." ಸೀಲಿನೊಳಗೆ ಇದ್ದದ್ದೂ ಅಷ್ಟೇ: ಸ್ವೀಕರಿಸಲಾಗಿದೆ.

ನಾನು ಹಾಳೆ ಎತ್ತಿ ಹಿಡಿದೆ. "ಅಣ್ಣಾ, ಆರ್ಡರ್ ಆಗೇತಿ! ಸೀಲ್ ಬಿದ್ದೈತಿ ನೋಡು! ಇಳಿ!"

"ಖರೇನೇನವ್ವಾ?"

"ನನ್ನ ಮಕ್ಕಳಾಣಿ ಖರೇ!"

ಅವನು ಇಳಿದು ಬಂದ. ಹಾಳೆ ಇಸಿದುಕೊಂಡು ಕಣ್ಣಿಗೊತ್ತಿಕೊಂಡ. ಅಧಿಕಾರಿ ಮೊಬೈಲ್ ನೋಡುತ್ತ ಜೀಪಿನತ್ತ ನಡೆದರು.

ಕೆಲಸದ ಆದೇಶ ಬರಲಿಲ್ಲ. ಬಂದದ್ದು ಹೊಸಪೇಟೆಯಲ್ಲಿ ಹದಿನೈದು ದಿನದ ತರಬೇತಿ ಶಿಬಿರ. ಕುಲುಮೆಯವರಿಗೆ ಅಣಬೆ ಬೆಳೆಸುವುದನ್ನು ಕಲಿಸಿದರು. ಅಲ್ಲಿ ಹಾಜರಿ ಬರೆಯುವ ಕೆಲಸವನ್ನು ಅದೇ ಅಧಿಕಾರಿ ನನಗೆ ಕೊಡಿಸಿದರು. ಆ ಬೆಳಗಿನ ಘಟನೆಯಿಂದ ಯಾರಿಗಾದರೂ ಕೆಲಸ ಸಿಕ್ಕಿದ್ದರೆ ಅದು ನನಗೊಬ್ಬಳಿಗೆ.

ಮೊದಲ ದಿನ ಆ ಅಣ್ಣ ನನ್ನ ಮೇಜಿನ ಮುಂದೆ ಬಂದು ನಿಂತ. ಹಾಳೆಗೆ ಲ್ಯಾಮಿನೇಷನ್ ಮಾಡಿಸಿದ್ದ.

"ನನ್ನ ಮಗಳು ಇದನ್ನ ಓದಿದ್ಲವ್ವ. ಅರ್ಜಿ ಮುಟ್ಟೇತಿ ಅಂತ ಅಷ್ಟ ಬರದಾರಪ್ಪ ಅಂದ್ಲು. ನಾ ಬೈದೆ. ಲೇ, ನಿನಗೇನು ತಿಳಿತದ, ಆ ಯವ್ವ ಕಾಲೇಜು ಓದ್ಯಾಳ, ಮಕ್ಕಳ ಮ್ಯಾಲೆ ಆಣಿ ಮಾಡಿ ಹೇಳ್ಯಾಳ ಅಂದೆ."

ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಹಾಜರಿ ಪುಸ್ತಕವನ್ನು ಅವನ ಕಡೆ ತಿರುಗಿಸಿದೆ.

"ಇಲ್ಲಿ ಸಹಿ ಹಾಕಣ್ಣಾ," ಎಂದೆ.