ವಕೀಲರು ಕುಳಿತ ಶಾಸನದ ಕಲ್ಲು

ರಾಮಗಿರಿಯ ರಸ್ತೆ ಕೆಲಸದ ಕೂಲಿಯವರು ಹಳೆಯ ಶಾಸನದ ಕಲ್ಲೊಂದನ್ನು ಒಡೆಯಲು ಸುತ್ತಿಗೆ ಎತ್ತಿದ್ದರು. ನಮ್ಮ ಕನ್ನಡ ಸಂಘದ ವಕೀಲರು ಓಡಿಹೋಗಿ, ಕರಿ ಕೋಟಿನಲ್ಲೇ ಅದರ ಮೇಲೆ ಕುಳಿತುಬಿಟ್ಟರು. ಜೊತೆಗಿದ್ದ ಶಾಲಾ ಮೇಷ್ಟ್ರಾದ ನಾನೂ ಅವರ ಹಿಂದೆಯೇ ಓಡಿದೆ.

“ಏಳ್ರಿ ಸ್ವಾಮಿ, ಮೋರಿಗೆ ಕಲ್ಲು ಬೇಕು” ಎಂದು ಗುತ್ತಿಗೆದಾರರು ಗದರಿದರು.

ಸಂಘದ ಇನ್ನೊಬ್ಬ ಸದಸ್ಯರು, ಬಟ್ಟೆ ವ್ಯಾಪಾರಿ ರುದ್ರಪ್ಪನವರು, ಮುಂದೆ ಬಂದರು. “ನಮ್ಮ ಅಂಗಡಿ ಮೆಟ್ಲುಗಲ್ಲು ಕಿತ್ಕಂಡು ಹೋಗ್ರಿ. ಇದನ್ನ ಬಿಡ್ರಿ, ಇದ್ರಾಗೆ ನಮ್ಮೂರ ಕೆರೆ ಕಟ್ಟಿಸಿದೋರ ಹೆಸರೈತೆ.”

ಗುತ್ತಿಗೆದಾರರು ನನ್ನಿಂದ ಆ ಹೆಸರು ಓದಿಸಿದರು. “ಹೆಣ್ಮಗಳಾ!” ಎಂದು ಬೆರಗಾಗಿ, ಮೋರಿಗೆ ಬೇರೆ ಕಲ್ಲು ತರಿಸಿದರು. ಶಾಸನವನ್ನು ತಮ್ಮ ಆಳುಗಳಿಂದಲೇ ಕೆರೆ ಏರಿಯ ಮೇಲೆ ನಿಲ್ಲಿಸಿದರು.

ಸಂಘವೆಂದರೆ ಭಾನುವಾರದ ಭಾಷಣ ಎಂದುಕೊಂಡಿದ್ದೆ. ಈಗ ಅದರಲ್ಲಿ ಮೇಷ್ಟ್ರು, ವಕೀಲರು, ವ್ಯಾಪಾರಿಯ ಜೊತೆಗೆ ಒಬ್ಬ ರಸ್ತೆ ಗುತ್ತಿಗೆದಾರರೂ ಇದ್ದಾರೆ.